ನಾಯಿಯ ಹೆಸರು ಉಳಿಯಿತು, ಬಾಣಸಿಗನ ಹೆಸರು ಅಳಿಯಿತು

'ಹಷ್ ಪಪ್ಪೀಸ್' ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಾಟಾ ಅಂಗಡಿಯ ಗಾಜಿನ ಕಪಾಟಿನಲ್ಲಿಟ್ಟ ದುಬಾರಿ ಬೂಟು, ಜೊತೆಗೆ ಅದರ ಗುರುತಾದ ಜೋಲುಗಿವಿಯ ಪೆಚ್ಚು ಮೋರೆಯ ನಾಯಿ. ಆದರೆ ಆ ಬೂಟಿಗೆ ಹೆಸರು ಬಂದದ್ದು ನಾಯಿಯಿಂದಲ್ಲ, ಒಂದು ಕರಿದ ತಿಂಡಿಯಿಂದ. ಅಮೆರಿಕದ ವೂಲ್ವರಿನ್ ಕಂಪನಿ 1958ರಲ್ಲಿ ಹಂದಿಯ ಚರ್ಮದ ಮೆತ್ತನೆಯ ಬೂಟುಗಳನ್ನು ಮಾರುಕಟ್ಟೆಗೆ ತಂದಿತು. ಅದರ ಮಾರಾಟ ವ್ಯವಸ್ಥಾಪಕ ಜಿಮ್ ಮ್ಯೂಯರ್ ದಕ್ಷಿಣದ ರಾಜ್ಯಗಳಲ್ಲಿ ಪ್ರವಾಸ ಮಾಡುತ್ತಿದ್ದಾಗ ಊಟಕ್ಕೆ ಹುರಿದ ಮೀನಿನ ಜೊತೆ 'ಹಷ್ ಪಪ್ಪಿ' ಎಂಬ ಉಂಡೆಗಳನ್ನು ಬಡಿಸಿದರಂತೆ. ಹಾಗೆಂದರೆ 'ಸುಮ್ಮನಿರು ನಾಯಿಮರಿ' ಎಂದರ್ಥ. ದಣಿದು ನೋಯುವ ಕಾಲುಗಳಿಗೆ ಅಮೆರಿಕದ ಆಡುಮಾತಿನಲ್ಲಿ 'ಬೊಗಳುವ ನಾಯಿಗಳು' ಎನ್ನುವ ರೂಢಿಯಿತ್ತು. ಕಾಲಿನ ನಾಯಿಗಳನ್ನು ಸುಮ್ಮನಾಗಿಸುವ ಬೂಟಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೆ? ಕಂಪನಿ ಹೇಳಿಕೊಂಡು ಬಂದಿರುವ ಕತೆ ಇದು.

ಬೂಟು ಲೋಕವನ್ನೆಲ್ಲ ಸುತ್ತಿತು. ಅದಕ್ಕೆ ಹೆಸರು ಕೊಟ್ಟ ತಿಂಡಿ ತನ್ನ ನಾಡಿನಲ್ಲೇ ಉಳಿಯಿತು. ಆ ತಿಂಡಿಗೆ ಆ ಹೆಸರು ಹೇಗೆ ಬಂತು, ಅದಕ್ಕಿಂತ ಮೊದಲು ಯಾವ ಹೆಸರಿತ್ತು, ಅದನ್ನು ಮಾಡುತ್ತಿದ್ದವರು ಯಾರು ಎಂದು ಕೇಳುತ್ತ ಹೋದರೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಉಂಡೆಯೊಳಗೆ ಒಂದು ದೊಡ್ಡ ಇತಿಹಾಸವೇ ಅಡಗಿರುವುದು ಕಾಣುತ್ತದೆ.

ಏನಿದು ತಿಂಡಿ?

ಅಮೆರಿಕದವರು 'ದಕ್ಷಿಣ' ಎಂದಾಗ ಕ್ಯಾರೊಲಿನಾ, ಜಾರ್ಜಿಯ, ಫ್ಲಾರಿಡಾ, ಅಲಬಾಮ, ಮಿಸಿಸಿಪಿ ಮೊದಲಾದ ರಾಜ್ಯಗಳು ಸೇರಿದ ಪ್ರದೇಶ ಎಂದು ತಿಳಿಯಬೇಕು. ಹಿಂದೆ ಗುಲಾಮರ ದುಡಿಮೆಯಿಂದ ಹತ್ತಿ ಬೆಳೆದ ಸೀಮೆ ಅದು. ಅಲ್ಲಿನ ಊಟದಲ್ಲಿ ಗೋಧಿಗಿಂತ ಮೆಕ್ಕೆಜೋಳಕ್ಕೆ ಹೆಚ್ಚು ಮರ್ಯಾದೆ. ಹಷ್ ಪಪ್ಪಿಗೆ ಬೇಕಾದದ್ದು ಮೆಕ್ಕೆಜೋಳದ ಹಿಟ್ಟು. ನುಣ್ಣಗೆ ಬೀಸಿದ್ದಲ್ಲ, ಸಣ್ಣ ರವೆಯಂತೆ ತರಿತರಿಯಾಗಿರುವಂಥದ್ದು. ಅದಕ್ಕೆ ಉಪ್ಪು, ಮೊಟ್ಟೆ, ಮಜ್ಜಿಗೆ, ಚಿಟಿಕೆ ಅಡಿಗೆ ಸೋಡಾ, ಬೇಕೆನಿಸಿದರೆ ಹೆಚ್ಚಿದ ಈರುಳ್ಳಿ. ಗಟ್ಟಿಯಾಗಿ ಕಲಸಿ, ಚಮಚದಿಂದ ಒಂದೊಂದೇ ಮುದ್ದೆಯನ್ನು ಕಾದ ಎಣ್ಣೆಗೆ ಬಿಟ್ಟರೆ ಮುಗಿಯಿತು. ನಮ್ಮ ಮಂಗಳೂರಿನ ಗೋಳಿಬಜೆಯನ್ನು ಕಂಡವರಿಗೆ ಆಕಾರವನ್ನು ಬೇರೆ ವಿವರಿಸಬೇಕಾಗಿಲ್ಲ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ರುಚಿಯಲ್ಲಿ ಮಾತ್ರ ಮೆಕ್ಕೆಜೋಳದ ನಸುಸಿಹಿ.

ಮೆಕ್ಕೆಜೋಳದ ಹಿಟ್ಟಿಗೆ ಗೋಧಿಯಂತೆ ಜಿಗುಟು ಇಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಗೆ ಕುದಿಯುವ ನೀರು ಹಾಕಿ ಏಕೆ ನಾದುತ್ತಾರೆಂದು ಬಲ್ಲವರಿಗೆ ಈ ತೊಡಕು ಅರ್ಥವಾಗುತ್ತದೆ. ಹಷ್ ಪಪ್ಪಿಯಲ್ಲಿ ಹಿಟ್ಟನ್ನು ಹಿಡಿದಿಡುವ ಕೆಲಸ ಮೊಟ್ಟೆಯದು. ಮಜ್ಜಿಗೆಯ ಹುಳಿ ಸೋಡಾದೊಡನೆ ಸೇರಿದಾಗ ಹುಟ್ಟುವ ಅನಿಲ ಉಂಡೆಯನ್ನು ಹಗುರ ಮಾಡುತ್ತದೆ. ಎಣ್ಣೆ ಚೆನ್ನಾಗಿ ಕಾದಿದ್ದರೆ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಕ್ಕೆ ನುಗ್ಗುತ್ತದೆ, ಎಣ್ಣೆಯನ್ನು ಒಳಗೆ ಬಿಡುವುದಿಲ್ಲ. ಕಾಯದ ಎಣ್ಣೆಗೆ ಬಿಟ್ಟರೆ ಉಂಡೆ ಜಿಡ್ಡಿನ ಮುದ್ದೆಯಾಗುತ್ತದೆ. ಸಕ್ಕರೆ ಹಾಕಬೇಕೆ ಬೇಡವೆ ಎಂಬುದು ಅಲ್ಲಿ ಇಂದಿಗೂ ಬಗೆಹರಿಯದ ಜಗಳ.

ಅಂತೆ ಕಂತೆಗಳ ಸಂತೆ

ಹೆಸರಿನ ಬಗ್ಗೆ ಕತೆಗಳಿಗೆ ಬರವಿಲ್ಲ. ಬೇಟೆಗಾರರು ಕಾಡಿನಲ್ಲಿ ಮೀನು ಹುರಿಯುವಾಗ ವಾಸನೆಗೆ ನಾಯಿಗಳು ಗಲಾಟೆ ಮಾಡುತ್ತಿದ್ದವಂತೆ; ಉಳಿದ ಹಿಟ್ಟನ್ನು ಕರಿದು 'ಸುಮ್ಮನಿರು ಮರಿ' ಎಂದು ಅವುಗಳ ಮುಂದೆ ಎಸೆಯುತ್ತಿದ್ದರಂತೆ. ಇನ್ನೊಂದು ಕತೆಯಲ್ಲಿ ಬೇಟೆಗಾರರ ಬದಲು 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ದಕ್ಷಿಣದ ಸೈನಿಕರು ಬರುತ್ತಾರೆ. ಉತ್ತರದ ಪಡೆ ಹತ್ತಿರದಲ್ಲಿರುವಾಗ ನಾಯಿ ಬೊಗಳಿ ಸುಳಿವು ಕೊಡಬಾರದೆಂದು ಅವರು ಹಿಟ್ಟಿನ ಉಂಡೆ ಎಸೆದರಂತೆ. ಮೂರನೆಯದರಲ್ಲಿ ಉಂಡೆ ಎಸೆಯುವವರು ಧಣಿಗಳ ಬೇಟೆನಾಯಿಗಳಿಂದ ತಪ್ಪಿಸಿಕೊಂಡು ಓಡುವ ಗುಲಾಮರು. ನಾಯಿಯೇ ಇಲ್ಲದ ಕತೆಯೂ ಒಂದಿದೆ: 1720ರ ದಶಕದಲ್ಲಿ ನ್ಯೂ ಆರ್ಲಿಯನ್ಸಿಗೆ ಬಂದ ಫ್ರಾನ್ಸಿನ ಕ್ರೈಸ್ತ ಸನ್ಯಾಸಿನಿಯರು ಇದನ್ನು ಕಂಡುಹಿಡಿದರೆಂದು.

ಓದಲು ಸೊಗಸಾಗಿರುವ ಈ ಕತೆಗಳಿಗೆಲ್ಲ ಸಮಾನವಾದ ಒಂದು ಕೊರತೆಯಿದೆ. ಅವು ಹೇಳುವ ಕಾಲದ ಕಾಗದಪತ್ರಗಳಲ್ಲಿ ಅವಕ್ಕೆ ಆಧಾರವಿಲ್ಲ. ಹೆಸರು ಜನಪ್ರಿಯವಾದ ಮೇಲೆ ಹೆಸರನ್ನು ವಿವರಿಸಲು ಹುಟ್ಟಿಕೊಂಡ ಕತೆಗಳು ಇವು. ಊರಿನ ಹೆಸರಿಗೆ ಸ್ಥಳಪುರಾಣ ಹುಟ್ಟುವಂತೆ ತಿಂಡಿಯ ಹೆಸರಿಗೂ ಪುರಾಣ ಹುಟ್ಟುತ್ತದೆ. ಅಲ್ಲದೆ 'ಹಷ್ ಪಪ್ಪಿ' ಎಂಬ ಮಾತು ತಿಂಡಿಗೆ ಅಂಟಿಕೊಳ್ಳುವ ಮೊದಲೇ ಬಳಕೆಯಲ್ಲಿತ್ತು. ಗುಟ್ಟನ್ನು ಮುಚ್ಚಿಹಾಕುವುದಕ್ಕೆ, ಹಸಿದು ಗುರುಗುಟ್ಟುವ ಹೊಟ್ಟೆಯನ್ನು ಸಮಾಧಾನಪಡಿಸುವ ಗೊಜ್ಜಿನಂಥ ಸಾರಿಗೆ ಆ ಮಾತನ್ನು ಹೇಳುತ್ತಿದ್ದರು. ಆಮೇಲೆ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ನೌಕಾದಳದವರು ಕಾವಲುನಾಯಿಗಳನ್ನು ಸದ್ದಿಲ್ಲದೆ ಕೊಲ್ಲಲು ಬಳಸಿದ ಪಿಸ್ತೂಲಿಗೂ ಇದೇ ಅಡ್ಡಹೆಸರು ಬಿತ್ತು.

ಮೆಕ್ಕೆಜೋಳದ ಸುತ್ತ ಇಂಥ ಆಕರ್ಷಕ ಕತೆ ಹೆಣೆದುಕೊಂಡದ್ದು ಅಮೆರಿಕದಲ್ಲಿ ಮಾತ್ರವಲ್ಲ. ಸೋಮನಾಥಪುರದ ಹೊಯ್ಸಳ ದೇವಾಲಯದ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ, ಆದ್ದರಿಂದ ಕೊಲಂಬಸನಿಗಿಂತ ಮೊದಲೇ ಆ ಬೆಳೆ ಇಲ್ಲಿಗೆ ಬಂದಿತ್ತು ಎಂದು ಅಮೆರಿಕದ ಇಬ್ಬರು ವಿದ್ವಾಂಸರು 1989ರಲ್ಲಿ ವಾದಿಸಿದರು. ಭಾರತದ ಮೆಕ್ಕೆಜೋಳ ತಜ್ಞರಾದ ಪಾಯಕ್ ಮತ್ತು ಸಾಚನ್ 1993ರಲ್ಲಿ ಇದನ್ನು ಅಲ್ಲಗಳೆದರು. ಕಲ್ಲಿನಲ್ಲಿ ಕಂಡದ್ದು ತೆನೆಯಲ್ಲ ಎಂಬುದು ಅವರ ನಿಲುವು. ಕಣ್ಣಿಗೆ ಹಾಗೆ ಕಾಣುವುದು ಬೇರೆ, ಹಾಗೆ ಇತ್ತೆಂದು ಸಿದ್ಧಪಡಿಸುವುದು ಬೇರೆ. ಹಷ್ ಪಪ್ಪಿಯ ವಿಷಯದಲ್ಲಿಯೂ ಇದೇ ಅಳತೆಗೋಲನ್ನು ಹಿಡಿಯಬೇಕು.

ಎಡಿಸ್ಟೊ ನದಿಯ ದಂಡೆಯಲ್ಲಿ

ಹಾಗಾದರೆ ಆಧಾರವಿರುವ ಸಂಗತಿ ಯಾವುದು? ದಕ್ಷಿಣ ಕ್ಯಾರೊಲಿನಾದ ಆಹಾರ ಇತಿಹಾಸಕಾರ ರಾಬರ್ಟ್ ಮಾಸ್ ಹಳೆಯ ಪತ್ರಿಕೆಗಳನ್ನು ಜಾಲಾಡಿ ಒಬ್ಬ ಮನುಷ್ಯನ ಹೆಸರನ್ನು ಬೆಳಕಿಗೆ ತಂದರು. ಅದು ರೋಮಿಯೋ ಗೋವನ್ ಎಂಬ ಕಪ್ಪು ಜನಾಂಗದ ಬಾಣಸಿಗರದು. ಗೋವನ್ 1845ರಲ್ಲಿ ದಕ್ಷಿಣ ಕ್ಯಾರೊಲಿನಾದ ಆರೆಂಜ್‌ಬರ್ಗ್ ಸೀಮೆಯಲ್ಲಿ ಗುಲಾಮರಾಗಿ ಹುಟ್ಟಿದರು. ಇಪ್ಪತ್ತನೆಯ ವಯಸ್ಸಿಗೆ ಅಂತರ್ಯುದ್ಧ ಮುಗಿದು ಬಿಡುಗಡೆ ದೊರೆಯಿತು. ಆಮೇಲೆ ಅವರು ಬ್ಯಾಂಬರ್ಗ್ ಪಟ್ಟಣಕ್ಕೆ ಕೆಲವು ಮೈಲಿ ದೂರದಲ್ಲಿ, ಎಡಿಸ್ಟೊ ನದಿಯ ದಂಡೆಯಲ್ಲಿ, ಕ್ಯಾನನ್ಸ್ ಸೇತುವೆಯ ಬಳಿ ನೆಲೆಸಿದರು.

ಅಲ್ಲಿ ಅವರದೊಂದು ಮರದ ಮನೆ. ಜನ ಅದನ್ನು 'ಕ್ಲಬ್ ಹೌಸ್' ಎನ್ನುತ್ತಿದ್ದರು. ಮೀನಿನ ಹಂಗಾಮು ಬಂದಿತೆಂದರೆ ಸುತ್ತಮುತ್ತಲಿನ ಬಿಳಿಯರ ಮೋಜಿನ ಕೂಟಗಳೆಲ್ಲ ಅಲ್ಲಿಯೇ. ಗೋವನ್ ಮೀನನ್ನು ಹುರಿದ ಕೊಬ್ಬಿನಲ್ಲೇ ಮೆಕ್ಕೆಜೋಳದ ಹಿಟ್ಟನ್ನು ಚಮಚದಿಂದ ಬಿಟ್ಟು ಕರಿಯುತ್ತಿದ್ದರು. ಹಿಟ್ಟಿಗೆ ನೀರು, ಉಪ್ಪು, ಮೊಟ್ಟೆ ಅಷ್ಟೆ. ಅದಕ್ಕೆ 'ರೆಡ್ ಹಾರ್ಸ್ ಬ್ರೆಡ್' ಎಂದು ಹೆಸರು. ಬಾಲ ಮತ್ತು ಈಜುರೆಕ್ಕೆಗಳಲ್ಲಿ ಕೆಂಪು ಛಾಯೆಯುಳ್ಳ 'ಕೆಂಪು ಕುದುರೆ' ಎಂಬ ಮೀನು ಆ ಸೀಮೆಯ ನದಿಗಳಲ್ಲಿ ಸಿಗುತ್ತದೆ. ಅದರ ಜೊತೆ ತಿನ್ನುವ ಬ್ರೆಡ್ ಎಂಬ ಕಾರಣಕ್ಕೆ ಆ ಹೆಸರು ಬಂತೇ ಹೊರತು ಕುದುರೆಗೂ ಅದಕ್ಕೂ ಸಂಬಂಧವಿಲ್ಲ. ಇಂದು ನಾವು ಹಷ್ ಪಪ್ಪಿ ಎನ್ನುವುದು ಇದನ್ನೇ.

ಆ ಕಾಲ ಎಂಥದೆಂಬುದನ್ನು ನೆನೆಯಬೇಕು. ದಕ್ಷಿಣ ಕ್ಯಾರೊಲಿನಾ 1895ರಲ್ಲಿ ಹೊಸ ಸಂವಿಧಾನ ಬರೆದುಕೊಂಡು, ಓದುಬರಹ ಮತ್ತು ಆಸ್ತಿಯ ಷರತ್ತುಗಳ ನೆಪದಲ್ಲಿ ಕಪ್ಪು ಜನರ ಮತದಾನದ ಹಕ್ಕನ್ನು ಬಹುಮಟ್ಟಿಗೆ ಕಸಿದುಕೊಂಡಿತು. 1896ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ರೈಲಿನಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಡಬ್ಬಿಗಳಿರುವುದು ಕಾನೂನಿಗೆ ವಿರುದ್ಧವಲ್ಲ ಎಂದು ತೀರ್ಪಿತ್ತಿತು. ಪಕ್ಕದ ಆಸನದಲ್ಲಿ ಕೂರಬಾರದೆಂದವರು ಕೈಯಡುಗೆಯನ್ನು ಮಾತ್ರ ಬೇಡವೆನ್ನಲಿಲ್ಲ. ರಾಜಕಾರಣಿಗಳು, ಊರಿನ ಗಣ್ಯರು ಗೋವನ್ ಅವರ ನದಿದಂಡೆಗೆ ಬಂದು ತಿಂದು ಹೊಗಳಿ ಹೋದರು. ಪತ್ರಿಕೆಗಳೂ ಆ ಬ್ರೆಡ್ಡನ್ನು ಕೊಂಡಾಡಿದವು. ಗೋವನ್ 1915ರಲ್ಲಿ ತೀರಿಕೊಂಡರು.

ಈ ತಿಂಡಿಯನ್ನು ಲೋಕದಲ್ಲಿ ಮೊದಲು ಕರಿದವರು ಗೋವನ್ ಅವರೇ ಎಂದು ಯಾರೂ ಹೇಳಲಾರರು. ಅಡುಗೆಯಲ್ಲಿ 'ಮೊದಲಿಗ' ಎಂಬ ಮಾತಿಗೆ ಅರ್ಥವೂ ಕಡಿಮೆ. ಆದರೆ ಹಳೆಯ ದಾಖಲೆಗಳಲ್ಲಿ ಈ ತಿಂಡಿಯ ಜೊತೆಗೆ ಹೆಸರು, ಊರು, ಕಾಲ ಸಮೇತ ಕಾಣುವ ಬಾಣಸಿಗರು ಅವರು. ಬೇಟೆಗಾರರ ಕತೆಯಲ್ಲಾಗಲಿ ಸೈನಿಕರ ಕತೆಯಲ್ಲಾಗಲಿ ಒಬ್ಬನಿಗೂ ಹೆಸರಿಲ್ಲ ಎಂಬುದನ್ನು ಗಮನಿಸಬೇಕು.

ಹಿಟ್ಟಿನ ಹಿಂದಿನ ಕತೆ

ಗೋವನ್ ಕಲಸಿದ ಹಿಟ್ಟಿಗೂ ತನ್ನದೇ ಆದ ಹಿನ್ನೆಲೆಯಿದೆ. ಮೆಕ್ಕೆಜೋಳವನ್ನು ಸುಮಾರು 9000 ವರ್ಷಗಳ ಹಿಂದೆ ಕಾಡುಹುಲ್ಲಿನಿಂದ ಬೆಳೆಯಾಗಿ ಪಳಗಿಸಿದವರು ಇಂದಿನ ಮೆಕ್ಸಿಕೋದ ದಕ್ಷಿಣ ಭಾಗದ ಮೂಲನಿವಾಸಿಗಳು. ಅಲ್ಲಿಂದ ಅದು ಉತ್ತರಕ್ಕೆ ಹಬ್ಬಿತು. ವರ್ಜೀನಿಯಾಕ್ಕೆ ಬಂದಿಳಿದ ಇಂಗ್ಲಿಷರಿಗೆ ಅದರ ರೊಟ್ಟಿ ತಿನ್ನಲು ಕಲಿಸಿದವರು ಅಲ್ಲಿನ ಬುಡಕಟ್ಟುಗಳವರು. ದಕ್ಷಿಣದಲ್ಲಿ ಮೆಕ್ಕೆಜೋಳದ ರೊಟ್ಟಿಗೆ ಇಂದಿಗೂ ಇರುವ 'ಪೋನ್' ಎಂಬ ಹೆಸರು ಅವರ ಭಾಷೆಯದೇ.

ಮುಂದೆ ಇದೇ ಹಿಟ್ಟು ಗುಲಾಮರ ಪಡಿಯಾಯಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ, ಎಂದರೆ ಗೋವನ್ ಹುಟ್ಟಿದ ವರ್ಷದಲ್ಲೇ, ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು. ತಾವಿದ್ದ ತೋಟದಲ್ಲಿ ಗುಲಾಮನೊಬ್ಬನಿಗೆ ತಿಂಗಳಿಗೆ ಎಂಟು ಪೌಂಡು ಹಂದಿಮಾಂಸ ಅಥವಾ ಅದಕ್ಕೆ ಬದಲಾಗಿ ಮೀನು, ಒಂದು ಬುಷೆಲ್ ಮೆಕ್ಕೆಜೋಳದ ಹಿಟ್ಟು ಕೊಡುತ್ತಿದ್ದರೆಂದು ಅದರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಬುಷೆಲ್ ಎಂದರೆ ಸುಮಾರು 35 ಲೀಟರಿನ ಅಳತೆ. ಮಾಂಸ, ಮೀನು, ಹಿಟ್ಟು - ಪಡಿಯಾಗಿ ಬಂದದ್ದು ಇಷ್ಟೇ. ಇದರಲ್ಲೇ ರುಚಿಯನ್ನು ಕಂಡುಕೊಳ್ಳುವ ಜಾಣ್ಮೆ ಅಡುಗೆಮನೆಗಳಲ್ಲಿ ಬೆಳೆಯಿತು. ಕೊಬ್ಬನ್ನು ಕರಗಿಸಿ, ಮೀನು ಹುರಿದು, ಉಳಿದ ಬಿಸಿ ಕೊಬ್ಬಿನಲ್ಲಿ ಹಿಟ್ಟು ಬಿಡುವುದು ಆ ಜಾಣ್ಮೆಯ ಸಾಲಿನಲ್ಲೇ ಬರುತ್ತದೆ.

ಮುಳುಗಿಸಿ ಕರಿಯುವ ವಿದ್ಯೆ ಪಶ್ಚಿಮ ಆಫ್ರಿಕದವರಿಗೆ ಚೆನ್ನಾಗಿ ಗೊತ್ತಿತ್ತು. ಅಲಸಂದೆಯನ್ನು ನೆನೆಸಿ ರುಬ್ಬಿ ಕರಿಯುವ 'ಅಕರಾ' ನೈಜೀರಿಯದ ಬೀದಿಗಳಲ್ಲಿ ಇಂದಿಗೂ ಸಿಗುತ್ತದೆ. ನಮ್ಮ ಅಲಸಂದೆ ವಡೆಯ ದಾಯಾದಿ ಎನ್ನಬೇಕು. ಗುಲಾಮರ ಹಡಗುಗಳ ಜೊತೆ ಅದು ಬ್ರೆಜಿಲಿಗೆ ಹೋಗಿ 'ಅಕರಾಜೆ' ಆಯಿತು. ಜಮೈಕಾದಲ್ಲಿ ಹುರಿದ ಮೀನಿನ ಜೊತೆ ಕೊಡುವ, ಮೆಕ್ಕೆಜೋಳದ ಹಿಟ್ಟು ಸೇರಿಸಿ ಕರಿದ ಸಿಹಿ ಕಡುಬಿಗೆ 'ಫೆಸ್ಟಿವಲ್' ಎನ್ನುತ್ತಾರೆ. ಪೋರ್ಟೊ ರಿಕೋದಲ್ಲಿ ಬೆರಳಿನಾಕಾರದ 'ಸೊರುಯೊ' ಇದೆ. ಇವುಗಳಲ್ಲಿ ಯಾವುದು ಯಾವುದರ ತಾಯಿ ಎಂದು ವಂಶವೃಕ್ಷ ಬರೆಯುವುದು ಕಷ್ಟ. ಹಿಟ್ಟು ಮೂಲನಿವಾಸಿಗಳದು, ಕೈ ಆಫ್ರಿಕದ್ದು ಎಂಬಷ್ಟು ಮಾತ್ರ ಎದ್ದು ಕಾಣುತ್ತದೆ.

ಬೂದಿನೀರಿನ ಪಾಠ

ಬೇರೆಯವರ ಆಹಾರವನ್ನು ತೆಗೆದುಕೊಂಡು ಅದರ ಹಿಂದಿನ ತಿಳಿವಳಿಕೆಯನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಈ ಹಿಟ್ಟೇ ಸಾಕ್ಷಿ. ಮೂಲನಿವಾಸಿಗಳು ಮೆಕ್ಕೆಜೋಳವನ್ನು ಸುಣ್ಣದ ಅಥವಾ ಬೂದಿಯ ನೀರಿನಲ್ಲಿ ಬೇಯಿಸಿ ತೊಳೆದು ಬಳಸುತ್ತಿದ್ದರು. ಹೀಗೆ ಮಾಡಿದಾಗ ಕಾಳಿನಲ್ಲಿ ಬಿಗಿದುಕೊಂಡಿರುವ ನಯಾಸಿನ್ ಎಂಬ ಜೀವಸತ್ತ್ವ ದೇಹಕ್ಕೆ ದಕ್ಕುತ್ತದೆ. ಬಿಳಿಯರು ಕಾಳನ್ನು ಪಡೆದರು, ಬೂದಿನೀರನ್ನು ಬಹುಮಟ್ಟಿಗೆ ಕೈಬಿಟ್ಟರು. ಒಣಕಾಳನ್ನು ಹಾಗೆಯೇ ಬೀಸಿದ ಹಿಟ್ಟು ದಕ್ಷಿಣದ ಬಡವರ ದಿನನಿತ್ಯದ ಆಹಾರವಾಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೆಲಾಗ್ರ ಎಂಬ ರೋಗ ದಕ್ಷಿಣವನ್ನು ಕಾಡಿತು. ಚರ್ಮ ಬಿರಿಯುವುದು, ಭೇದಿ, ಬುದ್ಧಿಭ್ರಮೆ, ಕೊನೆಗೆ ಸಾವು. 1906ರಿಂದ 1940ರವರೆಗೆ ಸುಮಾರು 30 ಲಕ್ಷ ಜನ ಇದರಿಂದ ನರಳಿ, 1 ಲಕ್ಷ ಜನ ಸತ್ತರೆಂದು ಅಂದಾಜು. ಇದು ಅಂಟುರೋಗವೆಂದೇ ಹೆಚ್ಚಿನ ವೈದ್ಯರು ನಂಬಿದ್ದರು. 1914ರಲ್ಲಿ ಸರ್ಕಾರ ತನಿಖೆಗೆ ಕಳಿಸಿದ ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಒಂದು ಸರಳ ಸಂಗತಿಯನ್ನು ಗಮನಿಸಿದರು. ಅನಾಥಾಲಯ, ಹುಚ್ಚಾಸ್ಪತ್ರೆಗಳಲ್ಲಿ ರೋಗ ಬರುತ್ತಿದ್ದದ್ದು ಅಲ್ಲಿ ಸೇರಿದವರಿಗೆ, ಅವರನ್ನು ನೋಡಿಕೊಳ್ಳುವ ಸಿಬ್ಬಂದಿಗಲ್ಲ. ಎರಡು ಗುಂಪಿಗೂ ವ್ಯತ್ಯಾಸವಿದ್ದದ್ದು ಊಟದಲ್ಲಿ. ರೋಗ ಅಂಟುವುದಿಲ್ಲವೆಂದು ತೋರಿಸಲು ಅವರು, ಅವರ ಪತ್ನಿ, ಸಹೋದ್ಯೋಗಿಗಳು ರೋಗಿಗಳ ರಕ್ತವನ್ನು ತಮ್ಮ ಮೈಗೆ ಚುಚ್ಚಿಕೊಂಡರು. ಬಡತನವೇ ರೋಗದ ಮೂಲ ಎಂಬ ಮಾತು ದಕ್ಷಿಣದ ಅನೇಕ ನಾಯಕರಿಗೆ ಹಿಡಿಸಲಿಲ್ಲ. ಗೋಲ್ಡ್‌ಬರ್ಗರ್ 1929ರಲ್ಲಿ ತೀರಿಕೊಂಡರು. ಕೊರತೆಯಾದದ್ದು ನಯಾಸಿನ್ ಎಂದು ಎಲ್ವೆಹ್ಯೆಮ್ ಎಂಬ ವಿಜ್ಞಾನಿಯ ಸಂಶೋಧನೆಯಿಂದ ತಿಳಿದದ್ದು 1937ರಲ್ಲಿ.

ಈ ರೋಗ ನಮಗೂ ತೀರ ದೂರದ್ದಲ್ಲ. ದಖ್ಖನ್ ಪ್ರಸ್ಥಭೂಮಿಯಲ್ಲಿ ಬರಿಯ ಜೋಳದ ಮೇಲೆಯೇ ಬದುಕುವ ಬಡ ಕೂಲಿಕಾರರಲ್ಲಿ ಪೆಲಾಗ್ರ ಕಾಣಿಸುತ್ತಿದ್ದುದನ್ನು ಹೈದರಾಬಾದಿನ ಪೌಷ್ಟಿಕ ಆಹಾರ ಸಂಶೋಧಕ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಅಧ್ಯಯನ ಮಾಡಿದರು. ತಪ್ಪು ಧಾನ್ಯದ್ದಲ್ಲ, ತಟ್ಟೆಯಲ್ಲಿ ಅದೊಂದೇ ಇರುವುದರದ್ದು. ನದಿಯ ಮೀನಿನ ಜೊತೆ ತಿಂದಾಗ ಅದೇ ಹಿಟ್ಟು ಹಬ್ಬದೂಟ. ಹಿಟ್ಟೇ ಊಟವಾದಾಗ ರೋಗ.

ಹೆಸರು ಬದಲಾದದ್ದು

ರೆಡ್ ಹಾರ್ಸ್ ಬ್ರೆಡ್ ಎಂಬ ಹೆಸರು ದಕ್ಷಿಣ ಕ್ಯಾರೊಲಿನಾ ದಾಟಿ ಹೆಚ್ಚು ದೂರ ಹೋಗಲಿಲ್ಲ. ಬೇರೆ ಕಡೆ ಇದೇ ತಿಂಡಿಗೆ 'ವಾಂಪಸ್' ಎಂದರು. ಮತ್ತೆ ಕೆಲವರು ಹಷ್ ಪಪ್ಪಿ ಎಂದರು. ಮೋಟಾರು ರಸ್ತೆಗಳಾಗಿ ಮೀನು ಹಿಡಿಯುವ ಮೋಜಿಗೆ ಉತ್ತರದ ಪ್ರವಾಸಿಗಳು ಫ್ಲಾರಿಡಾಕ್ಕೆ ಬರತೊಡಗಿದಾಗ ಅವರ ಕಿವಿಗೆ ಬಿದ್ದದ್ದು ಈ ಮೂರನೆಯ ಹೆಸರು. ಕಾದಂಬರಿಗಾರ್ತಿ ಮಾರ್ಜೊರಿ ಕಿನ್ನನ್ ರಾಲಿಂಗ್ಸ್ 1942ರಲ್ಲಿ ತಮ್ಮ ಫ್ಲಾರಿಡಾ ಅಡುಗೆ ಪುಸ್ತಕದಲ್ಲಿ ಇದಕ್ಕೆ ಜಾಗ ಕೊಟ್ಟರು. ನಾಯಿಮರಿಯ ಕತೆ ಹೇಳಲು ಸುಲಭ, ಕೇಳಿದವರಿಗೆ ನಗು. ಕೆಂಪು ಕುದುರೆ ಮೀನನ್ನೇ ಕಾಣದವರಿಗೆ ಹಳೆಯ ಹೆಸರಿನಿಂದ ಏನೂ ಹೊಳೆಯುತ್ತಿರಲಿಲ್ಲ.

ಆಮೇಲೆ ತಿಂಡಿ ಬೆಳೆಯುತ್ತ ಹೋಯಿತು. ಕ್ಯಾರೊಲಿನಾದ ಕಟಾಬಾ ನದಿಯ ಆಸುಪಾಸಿನಲ್ಲಿ 'ಫಿಶ್ ಕ್ಯಾಂಪ್' ಎಂಬ ಮೀನೂಟದ ಹೋಟೆಲುಗಳು ಎದ್ದವು. ವಾರವೆಲ್ಲ ಬಟ್ಟೆ ಗಿರಣಿಗಳಲ್ಲಿ ದುಡಿದವರು ಸಂಸಾರ ಸಮೇತ ಅಲ್ಲಿಗೆ ಬರುತ್ತಿದ್ದರು. ಉತ್ತರ ಕ್ಯಾರೊಲಿನಾದ ಕಡಲತೀರದ ಕ್ಯಾಲಬಾಶ್ ಎಂಬ ಪುಟ್ಟ ಊರು ಹುರಿದ ಮೀನು, ಸಿಗಡಿ ಮತ್ತು ಹಷ್ ಪಪ್ಪಿಗೇ ಹೆಸರಾಯಿತು. 1950ರ ದಶಕದಲ್ಲಿ ವಾರ್ನರ್ ಸ್ಟೇಮಿ ಎಂಬ ಹೋಟೆಲಿಗರು ಕೆಂಡದ ಮೇಲೆ ನಿಧಾನವಾಗಿ ಬೇಯಿಸಿದ ಹಂದಿಮಾಂಸದ ಜೊತೆಗೂ ಇದನ್ನು ಬಡಿಸತೊಡಗಿದರೆಂದು ಹೇಳುತ್ತಾರೆ. ಆ ರಾಜ್ಯದ ಮಾಂಸದ ಹೋಟೆಲುಗಳಲ್ಲಿ ಇಂದು ಕೇಳದೆಯೇ ಬುಟ್ಟಿ ತುಂಬ ಬಂದು ಕೂರುವುದು ಹಷ್ ಪಪ್ಪಿಯೇ.

ಇಷ್ಟರಲ್ಲಿ ಗೋವನ್ ಅವರ ಹೆಸರು ಮರೆತುಹೋಗಿತ್ತು. ಇದರ ಹಿಂದೆ ಯಾರದೋ ಸಂಚು ಇರಬೇಕಿಲ್ಲ. ಬಿಳಿಯರ ಕೂಟದ ವರದಿಯಲ್ಲಿ ಬಾಣಸಿಗನಿಗೆ ಒಂದು ಸಾಲು ಸಿಕ್ಕಿದರೆ ಅದೇ ಹೆಚ್ಚು ಎಂಬ ಕಾಲ ಅದು. ಅವರ ಅಡುಗೆಯನ್ನು ಬರೆದಿಟ್ಟ ಪುಸ್ತಕವಿಲ್ಲ, ಕಾಯ್ದುಕೊಂಡ ಹೋಟೆಲಿಲ್ಲ. ಖಾಲಿಯಾದ ಆ ಜಾಗಕ್ಕೆ ನಾಯಿ ಬಂದು ಕೂತಿತು.

ನಮ್ಮ ಮೈಸೂರುಪಾಕನ್ನು ಮೊದಲು ಮಾಡಿದವರು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಎಂದು ಹೇಳುವ ವಾಡಿಕೆಯಿದೆ. ದಾಖಲೆಗಿಂತ ಹೇಳಿಕೆಯೇ ಇದಕ್ಕೆ ಹೆಚ್ಚಿನ ಬಲ. ಆದರೂ ಆ ಹೆಸರು ಉಳಿಯಿತು, ಏಕೆಂದರೆ ಹಿಂದೆ ಒಂದು ಅರಮನೆಯಿತ್ತು, ಮುಂದೆ ಸಿಹಿ ಮಾರುವ ವಂಶಸ್ಥರಿದ್ದರು. ಗೋವನ್ ಅವರಿಗೆ ಇದ್ದದ್ದು ಒಂದು ನದಿಯ ದಂಡೆ. ಅಲ್ಲಿ ದಾಖಲೆಯಿತ್ತು, ಹೇಳುವವರಿರಲಿಲ್ಲ. ಅವರು ಸತ್ತ ನೂರು ವರ್ಷಗಳ ಮೇಲೆ ಹಳೆಯ ಪತ್ರಿಕೆಯ ಧೂಳು ಕೊಡವಿ ಅವರ ಹೆಸರನ್ನು ಓದಬೇಕಾಯಿತು. ತಿಂಡಿಯ ರುಚಿ ಇದರಿಂದ ಹೆಚ್ಚಾಗುವುದಿಲ್ಲ, ಕಡಿಮೆಯಾಗುವುದೂ ಇಲ್ಲ. ಆದರೆ ಹಷ್ ಪಪ್ಪಿ ಎಂದಾಗ ಬೊಗಳುವ ನಾಯಿಯ ಬದಲು, ಬಾಣಲೆಯ ಮುಂದೆ ಚಮಚ ಹಿಡಿದು ನಿಂತ ಒಬ್ಬ ಮನುಷ್ಯ ಕಣ್ಣಿಗೆ ಬಂದರೆ ಅಷ್ಟರಮಟ್ಟಿಗೆ ಒಂದು ಸಾಲ ತೀರಿದಂತೆ.